ಹಡಗಿನಲ್ಲಿ ತಂಪಿದೆ, ಹೊಲದಲ್ಲಿ ಇಲ್ಲ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ರೈತರಿಗೆ ಸಮುದ್ರದ ಬಾಗಿಲು ಏಕೆ ತೆರೆಯುತ್ತಿಲ್ಲ?

2025ರ ಜನವರಿಯಲ್ಲಿ ಸೊಲ್ಲಾಪುರ ಭಾಗದ ದಾಳಿಂಬೆ ಹಣ್ಣುಗಳು ಹಡಗಿನ ಮೂಲಕ ಆಸ್ಟ್ರೇಲಿಯಾದ ಸಿಡ್ನಿ ತಲುಪಿದವು. ಅದೇ ವರ್ಷ ಮಾರ್ಚ್ ತಿಂಗಳಲ್ಲಿ ಸುಮಾರು 14 ಟನ್ ದಾಳಿಂಬೆ ಐದು ವಾರಗಳ ಸಮುದ್ರಯಾನ ಮುಗಿಸಿ ಅಮೆರಿಕಾದ ಪೂರ್ವ ಕರಾವಳಿಯಲ್ಲಿ ಇಳಿಯಿತು. ಕೆಡುವ ಹಣ್ಣನ್ನು ಅಷ್ಟು ದೂರ ವಿಮಾನದಲ್ಲಿ ಕಳುಹಿಸಿದರೆ ಬಾಡಿಗೆಯೇ ಲಾಭವನ್ನು ನುಂಗಿಬಿಡುತ್ತದೆ. ಆದ್ದರಿಂದ ಕೇಂದ್ರ ಸರ್ಕಾರದ ಕೃಷಿ ರಫ್ತು ಪ್ರಾಧಿಕಾರವಾದ ಅಪೇಡಾ ಈ ಪ್ರಯೋಗಗಳನ್ನು ದೊಡ್ಡ ಸಾಧನೆ ಎಂದು ಪ್ರಕಟಿಸಿತು. ನಾಲ್ಕು ತಿಂಗಳ ನಂತರ, ಜುಲೈ 24ರಂದು, ಭಾರತ ಮತ್ತು ಬ್ರಿಟನ್ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿದವು. ಭಾರತದಿಂದ ಹೋಗುವ ಶೇಕಡಾ 99ರಷ್ಟು ವಸ್ತು ವರ್ಗಗಳಿಗೆ ಬ್ರಿಟನ್ ಸುಂಕ ತೆಗೆದುಹಾಕಲಿದೆ ಎಂದು ಆಗ ಹೇಳಲಾಯಿತು.

ಸುದ್ದಿಗಳು ಸಂತೋಷದವೇ. ಆದರೆ ಅವುಗಳ ಪಕ್ಕದಲ್ಲೇ ಒಂದು ಪ್ರಶ್ನೆಯನ್ನು ಇಟ್ಟು ನೋಡಬೇಕಾಗಿದೆ. ಸೊಲ್ಲಾಪುರ ನಮಗೆ ಪರದೇಶವೇನಲ್ಲ. ವಿಜಯಪುರ ದಾಟಿದರೆ ಸಿಗುವ ಊರು, ಕನ್ನಡ ಮಾತನಾಡುವವರು ಇಂದಿಗೂ ಸಾಕಷ್ಟಿರುವ ಊರು. ಅಲ್ಲಿಯ ಹಣ್ಣು ಸಿಡ್ನಿಗೆ ಹೋಗುವುದಾದರೆ, ಅದೇ ಒಣ ಹವೆಯ, ಅದೇ ಕಪ್ಪು ಮಣ್ಣಿನ ಸವದತ್ತಿ, ರಾಮದುರ್ಗದ ತೋಟದ ಬೆಳೆ ಏಕೆ ಹುಬ್ಬಳ್ಳಿ ಅಥವಾ ಬೆಳಗಾವಿಯ ಮಾರುಕಟ್ಟೆಯಲ್ಲಿ ಅಂದಂದಿನ ದರಕ್ಕೆ ಮಾರಾಟವಾಗಿ ಮುಗಿಯುತ್ತದೆ?

ಕರಾವಳಿಯ ಓದುಗರಿಗೆ ಇದು ಘಟ್ಟದ ಮೇಲಿನವರ ಸಮಸ್ಯೆ ಎಂದು ಅನಿಸಬಹುದು. ಆದರೆ ಕೆಡುವ ವಸ್ತುವನ್ನು ತಂಪಿನಲ್ಲಿಟ್ಟು ಸಮುದ್ರದಾಚೆ ಮಾರುವ ವಿದ್ಯೆಯನ್ನು ನಮ್ಮ ರಾಜ್ಯದಲ್ಲಿ ಮೊದಲು ಕಲಿತದ್ದು ಕರಾವಳಿ. ಕಲಿಯುವಾಗ ಪೆಟ್ಟು ತಿಂದದ್ದೂ ಕರಾವಳಿಯೇ. ಹಾಗಾಗಿ ಈ ವಿಷಯದಲ್ಲಿ ನಾವು ಕೇವಲ ನೋಡುಗರಲ್ಲ.

ಹತ್ತಿ ಕಾಯುತ್ತಿತ್ತು, ಹಣ್ಣು ಕಾಯುವುದಿಲ್ಲ

ಈ ನಾಲ್ಕು ತಾಲ್ಲೂಕುಗಳ ಸೀಮೆಗೆ ಸಮುದ್ರ ಹೊಸದಲ್ಲ. 1861ರಿಂದ 1865ರವರೆಗೆ ಅಮೆರಿಕಾದಲ್ಲಿ ಅಂತರ್ಯುದ್ಧ ನಡೆದಾಗ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿಯ ಅಭಾವ ತಲೆದೋರಿತು. ಆಗ ಧಾರವಾಡ ಮತ್ತು ಬೆಳಗಾವಿ ಸೀಮೆಯ ಹತ್ತಿಗೆ ಬಂಗಾರದ ಬೆಲೆ ಬಂತು. ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದ ಹತ್ತಿ ಕುಮಟಾ ಬಂದರಿನಲ್ಲಿ ಹಡಗು ಹತ್ತಿ ಮುಂಬಯಿಗೆ, ಅಲ್ಲಿಂದ ವಿಲಾಯತಿಗೆ ಹೋಗುತ್ತಿತ್ತು. ಬೆಳೆದದ್ದು ಬಯಲುಸೀಮೆಯಲ್ಲಾದರೂ ಮುಂಬಯಿಯ ವರ್ತಕರು ಅದನ್ನು ಕರೆದದ್ದು ಕುಮಟಾ ಹತ್ತಿ ಎಂದೇ. ಬಂದರಿನ ಹೆಸರೇ ಬೆಳೆಯ ಹೆಸರಾಯಿತು. ಕಾರವಾರ ಬಂದರನ್ನು ಬೆಳೆಸುವ ಉತ್ಸಾಹ ಅಂದಿನ ಸರ್ಕಾರಕ್ಕೆ ಬಂದದ್ದೂ ಈ ಹತ್ತಿಯ ಕಾರಣದಿಂದಲೇ.

ರಸ್ತೆ ಕೆಟ್ಟದ್ದಿತ್ತು, ಗಾಡಿ ನಿಧಾನವಾಗಿತ್ತು, ಮಳೆಗಾಲದಲ್ಲಿ ಬಂದರು ಮುಚ್ಚುತ್ತಿತ್ತು. ಆದರೂ ವ್ಯಾಪಾರ ನಡೆಯಿತು. ಕಾರಣ ಸರಳ. ಹತ್ತಿಗೆ ಕಾಯುವ ಶಕ್ತಿ ಇತ್ತು. ಒಂದು ತಿಂಗಳು ತಡವಾದರೂ ಹತ್ತಿ ಹತ್ತಿಯೇ.

ಇಂದು ಕಿತ್ತೂರಿನ ಪಕ್ಕದಲ್ಲೇ ಪುಣೆ–ಬೆಂಗಳೂರು ರಾಷ್ಟ್ರೀಯ ಹೆದ್ದಾರಿ ಹಾದುಹೋಗುತ್ತದೆ. ಗೋವಾದ ಮುರ್ಮಗೋವಾ ಬಂದರು ಅಲ್ಲಿಂದ ಸುಮಾರು ಇನ್ನೂರು ಕಿಲೋಮೀಟರ್. ದೊಡ್ಡ ಕಂಟೈನರ್ ಹಡಗುಗಳು ಬರುವ ಮುಂಬಯಿಯ ನ್ಹಾವಾ ಶೇವಾ ಬಂದರು ಸುಮಾರು ಐನೂರು ಕಿಲೋಮೀಟರ್, ಅಂದರೆ ಲಾರಿಗೆ ಒಂದು ರಾತ್ರಿಯ ದಾರಿ. ದೂರದ ಲೆಕ್ಕದಲ್ಲಿ ಸಮುದ್ರ ಎಂದಿಗಿಂತಲೂ ಹತ್ತಿರ ಬಂದಿದೆ. ಆದರೆ ಟೊಮೆಟೊ, ಹಸಿಮೆಣಸು, ಬಾಳೆ, ದಾಳಿಂಬೆ, ದ್ರಾಕ್ಷಿ ಹತ್ತಿಯಂತೆ ಕಾಯುವುದಿಲ್ಲ. ಅವು ಗಿಡದಿಂದ ಬೇರೆಯಾದ ಮೇಲೂ ಉಸಿರಾಡುತ್ತವೆ. ಉಸಿರಾಡಿದಷ್ಟೂ ಅವುಗಳ ಆಯುಷ್ಯ ಕಡಿಮೆಯಾಗುತ್ತದೆ. ಬಿಸಿ ಹತ್ತು ಡಿಗ್ರಿ ಏರಿದರೆ ಈ ಉಸಿರಾಟ ಸಾಮಾನ್ಯವಾಗಿ ಎರಡರಿಂದ ಮೂರು ಪಟ್ಟು ಹೆಚ್ಚುತ್ತದೆ. ಏಪ್ರಿಲ್ ತಿಂಗಳಲ್ಲಿ ರಾಮದುರ್ಗದ ಬಿಸಿಲು ನಲವತ್ತು ಡಿಗ್ರಿಯ ಹತ್ತಿರ ಹೋಗುವಾಗ, ಕೊಯ್ದ ಹಣ್ಣು ಬುಟ್ಟಿಯಲ್ಲಿ ಕಳೆಯುವ ಒಂದೊಂದು ಗಂಟೆಯೂ ಮುಂದೆ ಹಡಗಿನಲ್ಲಿ ಬಾಳಬೇಕಾದ ದಿನಗಳನ್ನು ಕಡಿತಗೊಳಿಸುತ್ತದೆ.

ಕಂಟೈನರ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ?

ತಂಪು ಹಡಗಿನ ಚರಿತ್ರೆ 140 ವರ್ಷಕ್ಕೂ ಹಳೆಯದು. 1882ರ ಫೆಬ್ರವರಿ 15ರಂದು ನ್ಯೂಜಿಲೆಂಡಿನಿಂದ ಡ್ಯುನೆಡಿನ್ ಎಂಬ ಹಾಯಿಹಡಗು ಸುಮಾರು ಐದು ಸಾವಿರ ಕುರಿಗಳ ಹೆಪ್ಪುಗಟ್ಟಿಸಿದ ಮಾಂಸವನ್ನು ಹೊತ್ತು ಲಂಡನ್ನಿಗೆ ಹೊರಟಿತು. ಹಡಗಿನೊಳಗೆ ಉಗಿಯಂತ್ರದಿಂದ ನಡೆಯುವ ಶೀತಕ ಯಂತ್ರ. ದಾರಿಯಲ್ಲಿ ತಂಪು ಗಾಳಿ ಸರಿಯಾಗಿ ಹರಡದಿದ್ದಾಗ ಕಪ್ತಾನನೇ ಗಾಳಿಯ ಕೊಳವೆಯೊಳಗೆ ತೆವಳಿಹೋಗಿ, ಅಲ್ಲೇ ಮರಗಟ್ಟುವ ಸ್ಥಿತಿ ತಲುಪಿದ. ಸಂಗಡಿಗರು ಕಾಲಿಗೆ ಹಗ್ಗ ಕಟ್ಟಿ ಅವನನ್ನು ಹೊರಗೆಳೆದರು. 98 ದಿನಗಳ ನಂತರ ಲಂಡನ್ನಿನಲ್ಲಿ ಸರಕು ಇಳಿಸಿದಾಗ ಕೆಟ್ಟದ್ದೆಂದು ತಿರಸ್ಕೃತವಾದದ್ದು ಒಂದೇ ಒಂದು ಕುರಿ.

ಆ ಕಥೆಯಲ್ಲಿ ಹಡಗು ಮತ್ತು ಕಪ್ತಾನ ಪ್ರಸಿದ್ಧರಾದರು. ಆದರೆ ಅದಕ್ಕೂ ಮೊದಲು ನಡೆದ ಕೆಲಸವನ್ನು ಗಮನಿಸಬೇಕು. ಕುರಿಗಳನ್ನು ಸಾಕಿದ ತೊತಾರಾ ಎಂಬ ಜಮೀನಿನಲ್ಲೇ ಕಸಾಯಿಖಾನೆ ಕಟ್ಟಿ, ಮಾಂಸವನ್ನು ಅಲ್ಲೇ ತಣಿಸಿ, ನಂತರ ರೈಲಿನಲ್ಲಿ ಬಂದರಿಗೆ ಒಯ್ದಿದ್ದರು. ತಂಪು ಹಡಗಿನಲ್ಲಿ ಶುರುವಾಗಲಿಲ್ಲ. ಜಮೀನಿನಲ್ಲೇ ಶುರುವಾಗಿತ್ತು.

ಇಂದು ಈ ಕೆಲಸ ಮಾಡುವುದು ರೀಫರ್ ಎಂದು ಕರೆಯುವ ಶೀತಲ ಕಂಟೈನರ್. ನಲವತ್ತು ಅಡಿ ಉದ್ದದ ಬಿಳಿಯ ಪೆಟ್ಟಿಗೆ, ಒಂದು ತುದಿಯಲ್ಲಿ ಯಂತ್ರ. ಹಡಗಿನಲ್ಲಿ, ಬಂದರಿನ ಅಂಗಳದಲ್ಲಿ ಅದಕ್ಕೆ ವಿದ್ಯುತ್ ಸಂಪರ್ಕ ಕೊಡಲಾಗುತ್ತದೆ, ಲಾರಿಯಲ್ಲಿ ಡೀಸೆಲ್ ಜನರೇಟರ್ ಇರುತ್ತದೆ. ತಂಪು ಗಾಳಿ ನೆಲದ ಸಂದುಗಳ ಮೂಲಕ ಹರಿದು ಪೆಟ್ಟಿಗೆಗಳ ನಡುವಿನಿಂದ ಮೇಲೇರುತ್ತದೆ. ಹೆಪ್ಪುಗಟ್ಟಿಸಿದ ಮೀನಿಗೆ ಶೂನ್ಯಕ್ಕಿಂತ 18 ಡಿಗ್ರಿ ಕೆಳಗೆ, ದ್ರಾಕ್ಷಿಗೆ ಶೂನ್ಯದ ಆಸುಪಾಸು, ದಾಳಿಂಬೆಗೆ ಐದಾರು ಡಿಗ್ರಿ, ಬಾಳೆಗೆ 13–14 ಡಿಗ್ರಿ. ಬಾಳೆಯನ್ನು ದ್ರಾಕ್ಷಿಯ ತಂಪಿನಲ್ಲಿಟ್ಟರೆ ಸಿಪ್ಪೆ ಕಪ್ಪಾಗಿ ಹಣ್ಣು ಹಾಳಾಗುತ್ತದೆ. ಪ್ರತಿ ಬೆಳೆಗೂ ಅದರದೇ ಲೆಕ್ಕ. ನಮ್ಮ ಧರ್ಮಕೇಂದ್ರಗಳಿಂದ ಹಡಗಿನ ಉದ್ಯೋಗಕ್ಕೆ ಹೋದವರು ಅನೇಕರಿದ್ದಾರೆ. ಈ ಪೆಟ್ಟಿಗೆಗಳ ತಾಪಮಾನವನ್ನು ದಿನವೂ ಪರೀಕ್ಷಿಸುವುದು ಹಡಗಿನಲ್ಲಿ ಎಂಥ ಜವಾಬ್ದಾರಿಯ ಕೆಲಸ ಎಂಬುದನ್ನು ಅವರನ್ನೇ ಕೇಳಿ ತಿಳಿಯಬಹುದು.

ಆದರೆ ಬಹಳ ಜನರಿಗೆ ತಿಳಿಯದ ಒಂದು ವಿಷಯವಿದೆ. ರೀಫರ್ ಕಂಟೈನರ್ ಬಿಸಿಯಾದ ಸರಕನ್ನು ತಣ್ಣಗೆ ಮಾಡಲು ನಿರ್ಮಿಸಿದ ಯಂತ್ರವಲ್ಲ. ಮೊದಲೇ ತಣ್ಣಗಾದ ಸರಕನ್ನು ಹಾಗೆಯೇ ಕಾಪಾಡುವುದಷ್ಟೇ ಅದರ ಕೆಲಸ. ಹೊಲದ ಬಿಸಿಯನ್ನು ಹೊತ್ತ ಹಣ್ಣನ್ನು ನೇರವಾಗಿ ಅದರಲ್ಲಿ ತುಂಬಿದರೆ ಬಾಗಿಲ ಬಳಿಯ, ನಡುವಿನ ಪೆಟ್ಟಿಗೆಗಳು ದಿನಗಟ್ಟಲೆ ಬೆಚ್ಚಗೇ ಉಳಿದು ಕೊಳೆಯಲಾರಂಭಿಸುತ್ತವೆ. ಒಂದು ಪೆಟ್ಟಿಗೆಯ ಕೊಳೆ ಪಕ್ಕದ್ದಕ್ಕೆ ಹರಡುತ್ತದೆ. ಆದ್ದರಿಂದಲೇ ದ್ರಾಕ್ಷಿಯನ್ನು ಕೊಯ್ದ ನಾಲ್ಕಾರು ಗಂಟೆಗಳೊಳಗೆ ಪೂರ್ವಶೀತಲೀಕರಣ ಕೋಣೆಗೆ ಸೇರಿಸಬೇಕು ಎಂಬ ನಿಯಮವಿದೆ. ಸಮುದ್ರದ ಮೂವತ್ತು ದಿನಗಳ ಭವಿಷ್ಯ ಹೊಲದ ಮೊದಲ ಆರು ಗಂಟೆಗಳಲ್ಲಿ ನಿರ್ಧಾರವಾಗುತ್ತದೆ. ಈ ಲೇಖನದ ಮುಖ್ಯ ಮಾತು ಇಷ್ಟೇ.

ಕರಾವಳಿ ಕಲಿತ ಪಾಠ

ಈ ಮಾತು ಮೀನುಗಾರರಿಗೆ ವಿವರಿಸಬೇಕಾಗಿಲ್ಲ. ಮಂಜುಗಡ್ಡೆ ತುಂಬದೆ ಯಾವ ಟ್ರಾಲ್ ದೋಣಿಯೂ ಧಕ್ಕೆ ಬಿಟ್ಟು ಹೊರಡುವುದಿಲ್ಲ. ಮೀನು ಬಲೆಯಿಂದ ಬಂದ ಕೂಡಲೇ ಮಂಜುಗಡ್ಡೆಯ ನಡುವೆ ಸೇರಬೇಕು. ದಡಕ್ಕೆ ಬಂದ ಮೇಲೆ ನೋಡೋಣ ಎಂದರೆ ಅದು ಗೊಬ್ಬರಕ್ಕೋ ಮೀನಿನ ಹುಡಿಗೋ ಸರಿ.

ಆದರೆ ಈ ಅಭ್ಯಾಸ ಅನಾದಿ ಕಾಲದಿಂದ ಬಂದದ್ದಲ್ಲ. ಹಿಂದೆ ಕರಾವಳಿಯ ಹೆಚ್ಚುವರಿ ಮೀನಿಗೆ ಉಪ್ಪು ಮತ್ತು ಬಿಸಿಲೇ ಗತಿಯಾಗಿತ್ತು. 1953ರಲ್ಲಿ ಕೊಚ್ಚಿಯಿಂದ ಹೆಪ್ಪುಗಟ್ಟಿಸಿದ ಸಿಗಡಿ ಮೊದಲ ಬಾರಿಗೆ ಅಮೆರಿಕಾಕ್ಕೆ ಹೋಯಿತು. ಅದೇ ಹೊತ್ತಿಗೆ ಕೇರಳದಲ್ಲಿ ಆರಂಭವಾದ ಭಾರತ–ನಾರ್ವೆ ಯೋಜನೆ ಯಂತ್ರದ ದೋಣಿ, ಮಂಜುಗಡ್ಡೆ ಕಾರ್ಖಾನೆ, ಶೀತಲೀಕರಣ ಘಟಕಗಳನ್ನು ಪರಿಚಯಿಸಿತು. 1960ರ ದಶಕದಲ್ಲಿ ಅದು ನಮ್ಮ ಕಾರವಾರಕ್ಕೂ ಬಂತು. 1972ರಲ್ಲಿ ಸಮುದ್ರೋತ್ಪನ್ನ ರಫ್ತು ಅಭಿವೃದ್ಧಿ ಪ್ರಾಧಿಕಾರ, ಅಂದರೆ ಎಂಪೆಡಾ, ಸ್ಥಾಪನೆಯಾಯಿತು. 2024–25ರಲ್ಲಿ ದೇಶ 16.98 ಲಕ್ಷ ಟನ್ ಸಮುದ್ರೋತ್ಪನ್ನವನ್ನು ರಫ್ತು ಮಾಡಿ 62,408 ಕೋಟಿ ರೂಪಾಯಿ ಗಳಿಸಿತು. ಅದರಲ್ಲಿ ಸಿಂಹಪಾಲು ಹೆಪ್ಪುಗಟ್ಟಿಸಿದ ಸಿಗಡಿಯದು. ನಮ್ಮ ಬೊಂಡಾಸ್, ಸುರಿಮಿಯ ಪಾಲೂ ಅದರಲ್ಲಿದೆ.

ನಡುವೆ ಒಂದು ದೊಡ್ಡ ಪೆಟ್ಟೂ ಬಿತ್ತು. 1997ರ ಆಗಸ್ಟ್ ತಿಂಗಳಲ್ಲಿ ಯುರೋಪ್ ಒಕ್ಕೂಟ ಭಾರತದ ಮೀನನ್ನು ಶುಚಿತ್ವದ ಕಾರಣ ನೀಡಿ ನಿಷೇಧಿಸಿತು. ಅವರ ತನಿಖಾಧಿಕಾರಿಗಳು ನೋಡಿದ್ದು ಹಡಗನ್ನಲ್ಲ. ಅವರು ಕಾರ್ಖಾನೆಯ ನೀರು, ಮಂಜುಗಡ್ಡೆ, ಸಿಗಡಿ ಸುಲಿಯುವ ಶೆಡ್ಡು, ಕೆಲಸಗಾರರ ಕೈ ಇವುಗಳನ್ನು ನೋಡಿದರು. ವರ್ಷದ ಕೊನೆಗೆ ನಿಷೇಧ ಸಡಿಲವಾಯಿತು, ಆದರೆ ನಿಯಮ ಪಾಲಿಸಿದ ಕಾರ್ಖಾನೆಗಳಿಗೆ ಮಾತ್ರ. ಉದ್ಯಮ ಕೋಟಿಗಟ್ಟಲೆ ಖರ್ಚು ಮಾಡಿ ತನ್ನನ್ನು ತಿದ್ದಿಕೊಂಡಿತು, ತಿದ್ದಿಕೊಳ್ಳಲಾಗದ ಸಣ್ಣವರು ಮುಚ್ಚಿಕೊಂಡರು. ಸಿಗಡಿ ಸುಲಿಯುತ್ತಿದ್ದ ಹೆಂಗಸರ ಕೂಲಿಯ ಮೇಲೆ ಆದ ಪರಿಣಾಮವನ್ನು ಲೆಕ್ಕ ಇಟ್ಟವರು ಕಡಿಮೆ. ಕರಾವಳಿ ಕಲಿತ ಪಾಠ ಹೀಗಿದೆ: ಕೊಳ್ಳುವವನು ಬಂದರಿನಿಂದ ಹಿಂದಕ್ಕೆ ನೋಡುತ್ತಾನೆ, ಸರಕು ಹುಟ್ಟಿದ ಜಾಗದವರೆಗೂ ನೋಡುತ್ತಾನೆ.

ಕೊರತೆ ಇರುವುದು ಎಲ್ಲಿ?

ಶೀತಲ ಗೃಹಗಳು ಬೇಕು ಎಂಬ ಬೇಡಿಕೆ ನಮ್ಮಲ್ಲಿ ಪ್ರತಿ ಬಜೆಟ್ ಸಮಯದಲ್ಲೂ ಕೇಳಿಬರುತ್ತದೆ. ಆದರೆ ಕೊರತೆ ನಿಜವಾಗಿ ಇರುವುದು ಬೇರೆಡೆ. ರಾಷ್ಟ್ರೀಯ ಶೀತಲ ಸರಪಳಿ ಅಭಿವೃದ್ಧಿ ಕೇಂದ್ರಕ್ಕಾಗಿ 2015ರಲ್ಲಿ ನಡೆದ ಅಖಿಲ ಭಾರತ ಅಧ್ಯಯನದ ಅಂಕಿಗಳನ್ನು ನೋಡಿ. ಶೀತಲ ಗೃಹಗಳ ಸಾಮರ್ಥ್ಯ ಸುಮಾರು 3.5 ಕೋಟಿ ಟನ್ ಬೇಕಾಗಿದ್ದಲ್ಲಿ ಸುಮಾರು 3.2 ಕೋಟಿ ಟನ್ ಆಗಲೇ ಇತ್ತು. ಶೀತಲ ವಾಹನಗಳು ಸುಮಾರು 62,000 ಬೇಕಿದ್ದಲ್ಲಿ ಇದ್ದದ್ದು 9,000. ಇನ್ನು ಹೊಲದ ಬಳಿ ಬೆಳೆಯನ್ನು ವಿಂಗಡಿಸಿ, ತೊಳೆದು, ತಣಿಸಿ, ಪೆಟ್ಟಿಗೆಗೆ ತುಂಬುವ ಪ್ಯಾಕ್‌ಹೌಸ್‌ಗಳು 70,080 ಬೇಕಿದ್ದಲ್ಲಿ ಇದ್ದದ್ದು ಕೇವಲ 249.

ಅಂದರೆ ಸರಪಳಿಯ ನಡುವಿನ ಕೊಂಡಿ ದಪ್ಪವಾಗಿದೆ, ಮೊದಲ ಕೊಂಡಿಯೇ ಇಲ್ಲ. ಅಂಥ ಸರಪಳಿಯಿಂದ ಬಾವಿಯ ಕೊಡ ಮೇಲೆ ಬರುವುದುಂಟೇ?

ಬಯಲುಸೀಮೆಯ ಅನುಭವವೂ ಇದನ್ನೇ ಹೇಳುತ್ತದೆ. ಬ್ಯಾಡಗಿಯಲ್ಲಿ ಶೀತಲ ಗೃಹಗಳು ಸಾಕಷ್ಟಿವೆ. ಅಲ್ಲಿ ಇಡುವುದು ಒಣ ಮೆಣಸಿನಕಾಯಿ, ಬಣ್ಣ ಉಳಿಯಲಿ ಎಂದು. ಅದು ಒಳ್ಳೆಯದೇ, ಆದರೆ ಹಸಿ ತರಕಾರಿ ಬೆಳೆಯುವ ರೈತನಿಗೆ ಅದರಿಂದ ಪ್ರಯೋಜನವಿಲ್ಲ. ಬೆಳಗಾವಿಯಿಂದ ದಿನವೂ ತರಕಾರಿಯ ಗಾಡಿಗಳು ಗೋವಾಕ್ಕೆ ಇಳಿಯುತ್ತವೆ, ಕರಾವಳಿಯ ಮೀನಿನ ಗಾಡಿಗಳು ಘಟ್ಟ ಹತ್ತುತ್ತವೆ. ಒಂದೇ ಘಟ್ಟದ ರಸ್ತೆ. ಮೀನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಬರುತ್ತದೆ, ತರಕಾರಿ ಗೋಣಿಚೀಲದಲ್ಲಿ ತಾಡಪತ್ರಿಯ ಕೆಳಗೆ ಬೇಯುತ್ತಾ ಹೋಗುತ್ತದೆ. ಎರಡೂ ಕೆಡುವ ವಸ್ತುಗಳೇ. ಒಂದನ್ನು ನಾವು ಹಾಗೆಂದು ಒಪ್ಪಿಕೊಂಡಿದ್ದೇವೆ, ಇನ್ನೊಂದನ್ನು ಇನ್ನೂ ಒಪ್ಪಿಕೊಂಡಿಲ್ಲ.

ಭಾಷಣಗಳಲ್ಲಿ ದೇಶದ ಹಣ್ಣು ತರಕಾರಿಯಲ್ಲಿ ಶೇಕಡಾ 40 ಹಾಳಾಗುತ್ತದೆ ಎಂದು ಹೇಳುವುದುಂಟು. 2022ರಲ್ಲಿ ನಬಾರ್ಡ್‌ನ ಸಲಹಾ ಸಂಸ್ಥೆ ನಡೆಸಿದ ಅಧ್ಯಯನದ ಪ್ರಕಾರ ನಷ್ಟ ಹಣ್ಣುಗಳಲ್ಲಿ ಶೇಕಡಾ 6ರಿಂದ 15, ತರಕಾರಿಗಳಲ್ಲಿ ಶೇಕಡಾ 5ರಿಂದ 12ರ ಆಸುಪಾಸು. ಉತ್ಪ್ರೇಕ್ಷೆ ಬೇಡ. ಆದರೆ ಈ ಅಂಕಿಯಲ್ಲಿ ಸೇರದ ಇನ್ನೊಂದು ನಷ್ಟವಿದೆ. ಬೆಳೆ ಕೊಳೆಯುವುದಕ್ಕೆ ಮೊದಲೇ ಮಾರಲೇಬೇಕಾದವನ ನಷ್ಟ ಅದು. ಸಂಜೆಯೊಳಗೆ ಮಾರದಿದ್ದರೆ ಚೆಲ್ಲಬೇಕು ಎಂದು ಗೊತ್ತಿರುವ ರೈತನೊಡನೆ ಚೌಕಾಸಿ ಮಾಡುವುದು ದಲಾಲಿಗೆ ಬಹಳ ಸುಲಭ.

ನೀರು ಬಂತು, ಮಾರುಕಟ್ಟೆ ಬರಲಿಲ್ಲ

ಸವದತ್ತಿ ತಾಲ್ಲೂಕಿನ ನವಿಲುತೀರ್ಥದ ಬಳಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟಿನಲ್ಲಿ 37.73 ಟಿಎಂಸಿ ನೀರು ನಿಲ್ಲುತ್ತದೆ. ಕಾಲುವೆಗಳಲ್ಲಿ ನೀರು ಬಂದಾಗ ರೈತರು ಸಾಲ ಮಾಡಿ ಹೈಬ್ರಿಡ್ ಹತ್ತಿ ಬಿತ್ತಿದರು. ಹತ್ತಿಯ ಬೆಲೆ ಕುಸಿಯಿತು, ಸರ್ಕಾರದ ಅಭಿವೃದ್ಧಿ ಕರದ ನೋಟೀಸು ಬಂತು. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಗೋಲಿಬಾರ್ ನಡೆದು ರೈತ ಚಳವಳಿಯ ಚರಿತ್ರೆಯೇ ಬದಲಾಯಿತು. ಸವದತ್ತಿ ಭಾಗದ ರೈತರೂ ಆ ಹೋರಾಟದಲ್ಲಿದ್ದರು. ನೀರು ಕೊಟ್ಟರೆ ಸಾಲದು, ಬೆಳೆದದ್ದು ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಯೋಚಿಸಬೇಕು ಎಂದು ಆ ಬಂಡಾಯ ಕಲಿಸಿತು.

ಅಂದಿನಿಂದ ಈ ಸೀಮೆಯ ನೀರಾವರಿ ರೈತ ಆರಿಸಿಕೊಂಡ ದಾರಿ ಕಬ್ಬು. ಕಾರಣ ಸ್ಪಷ್ಟ. ಕಬ್ಬೂ ಕಡಿದ ಮೇಲೆ ಒಣಗಿ ತೂಕ ಕಳೆದುಕೊಳ್ಳುವ ಬೆಳೆಯೇ. ಆದರೆ ಅದಕ್ಕೆ ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ ಸಹಕಾರಿ ಕಾರ್ಖಾನೆಯಂತೆ ಒಂದು ಮನೆಯಿದೆ, ಕಡಿಯುವವರ ತಂಡವಿದೆ, ಸಾಗಿಸುವ ವ್ಯವಸ್ಥೆಯಿದೆ. ತರಕಾರಿಗೆ, ಹಣ್ಣಿಗೆ ಅಂಥ ಮನೆಯಿಲ್ಲ. ಹಾಗೆಂದು ಕಬ್ಬು ಬೆಳೆದವನು ನೆಮ್ಮದಿಯಾಗಿದ್ದಾನೆಯೇ? 2025ರ ನವೆಂಬರ್ ಮೊದಲ ವಾರದಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸ್‌ನಲ್ಲಿ ಟನ್ನಿಗೆ 3,500 ರೂಪಾಯಿ ಕೇಳಿ ಸಾವಿರಾರು ರೈತರು ರಸ್ತೆಯಲ್ಲಿ ಕುಳಿತರು. ಕೊನೆಗೆ 3,300 ರೂಪಾಯಿಗೆ ಒಪ್ಪಂದವಾಯಿತು. ಬೇರೆ ದಾರಿ ಇಲ್ಲದವನು ಇರುವ ಒಂದೇ ದಾರಿಯಲ್ಲಿ ಕುಳಿತು ಕೂಗಬೇಕಾಗುತ್ತದೆ.

ಹಾಗಿದ್ದರೆ ರಫ್ತು ಪರಿಹಾರವೇ?

ಇಲ್ಲಿ ಎಚ್ಚರಿಕೆ ಅಗತ್ಯ. ರಫ್ತು ಮಾಡಿದರೆ ಶ್ರೀಮಂತರಾಗುತ್ತೀರಿ ಎಂದು ರೈತನಿಗೆ ಆಸೆ ಹುಟ್ಟಿಸುವುದು ಅನ್ಯಾಯ. 2023ರ ನವೆಂಬರ್‌ನಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಆರಂಭವಾದಾಗ ಯುರೋಪಿಗೆ ಹೋಗುವ ಹಡಗುಗಳು ಆಫ್ರಿಕಾ ಖಂಡವನ್ನೇ ಸುತ್ತಬೇಕಾಯಿತು. ಪ್ರಯಾಣ ಹತ್ತು ಹದಿನೈದು ದಿನ ಉದ್ದವಾಯಿತು, ಬಾಡಿಗೆ ಏರಿತು. ಮಹಾರಾಷ್ಟ್ರದ ದ್ರಾಕ್ಷಿ ರಫ್ತುದಾರರು 2024ರ ಹಂಗಾಮಿನಲ್ಲಿ ಅದರ ಬಿಸಿ ಅನುಭವಿಸಿದರು. 2025ರ ಆಗಸ್ಟ್ 27ರಂದು ಅಮೆರಿಕಾ ಭಾರತದ ಸರಕಿನ ಮೇಲಿನ ಹೆಚ್ಚುವರಿ ಸುಂಕವನ್ನು ಶೇಕಡಾ 50ಕ್ಕೆ ಏರಿಸಿದಾಗ ಸಿಗಡಿ ಉದ್ಯಮ ತತ್ತರಿಸಿತು. 2010ರಲ್ಲಿ ದ್ರಾಕ್ಷಿಯಲ್ಲಿ ಒಂದು ಬೆಳವಣಿಗೆ ನಿಯಂತ್ರಕ ರಾಸಾಯನಿಕದ ಅಂಶ ಕಂಡಿತೆಂದು ಯುರೋಪ್ ಭಾರತದ ಸರಕನ್ನು ತಡೆಯಿತು. ಬೆಳೆಗಾರರು ಸಾಲದಲ್ಲಿ ಮುಳುಗಿದರು. ಸಮುದ್ರದಾಚೆಯ ಮಾರುಕಟ್ಟೆಯಲ್ಲಿ ತಪ್ಪು ಯಾರದೇ ಆಗಿರಲಿ, ಅದರ ಹೊರೆ ಕೊನೆಗೆ ಹಿಂದಕ್ಕೆ ಉರುಳಿ ಬೆಳೆದವನ ತಲೆಯ ಮೇಲೆ ಬೀಳುತ್ತದೆ. ತಾಜಾ ಹಣ್ಣಿನ ವ್ಯಾಪಾರದಲ್ಲಿ ಎಷ್ಟೋ ಬಾರಿ ಸರಕು ಅಲ್ಲಿ ಮಾರಾಟವಾದ ಮೇಲೆಯೇ ದರ ತಿಳಿಯುವುದು.

ಹೀಗಿದ್ದರೂ ಮೊದಲ ಕೊಂಡಿಯನ್ನು ಕಟ್ಟಲೇಬೇಕು ಎನ್ನುವುದಕ್ಕೆ ಬಲವಾದ ಕಾರಣವಿದೆ. ಹೊಲದ ಬಳಿಯ ತಂಪು ರಫ್ತಿಗೆ ಮಾತ್ರ ಬೇಕಾದದ್ದಲ್ಲ. ಒಂದೇ ಒಂದು ಕಂಟೈನರ್ ಹಡಗು ಹತ್ತದಿದ್ದರೂ ಅದು ರೈತನಿಗೆ ಎರಡು ಮೂರು ದಿನ ಕಾಯುವ ಶಕ್ತಿ ಕೊಡುತ್ತದೆ. ಇಂದು ಬೆಳಗಾವಿಯಲ್ಲಿ ದರ ಬಿದ್ದರೆ ನಾಳೆ ಗೋವಾ, ನಾಡಿದ್ದು ಮಂಗಳೂರು ಎನ್ನಬಹುದು. 1860ರ ದಶಕದಲ್ಲಿ ಹತ್ತಿಗಿದ್ದ ಆ ಕಾಯುವ ಶಕ್ತಿಯನ್ನು ತರಕಾರಿಗೆ ಕೊಡುವುದೇ ಶೀತಲ ಸರಪಳಿಯ ಅರ್ಥ. ರಫ್ತು ಬಂದರೆ ಅದು ಮೇಲಿನ ಲಾಭ.

ಏನು ಮಾಡಬಹುದು?

ಮೊದಲನೆಯದಾಗಿ, ಮಾದರಿಗೆ ದೂರ ಹೋಗಬೇಕಾಗಿಲ್ಲ. ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳಲ್ಲಿ ಹಾಲಿನ ಸಹಕಾರ ಸಂಘಗಳಿವೆ. ಬೆಳಿಗ್ಗೆ ಸಂಜೆ ಕರೆದ ಹಾಲು ಕೆಲವೇ ಗಂಟೆಗಳಲ್ಲಿ ಸಮೀಪದ ಶೀತಲೀಕರಣ ಕೇಂದ್ರ ತಲುಪಿ ನಾಲ್ಕು ಡಿಗ್ರಿಗೆ ಇಳಿಯುತ್ತದೆ. ಎರಡು ಎಮ್ಮೆ ಇರುವ ವಿಧವೆಯ ಹಾಲೂ ಅದರಲ್ಲಿ ಸೇರುತ್ತದೆ. ಹಾಲಿಗೆ ಸಾಧ್ಯವಾದದ್ದು ತರಕಾರಿಗೆ ಅಸಾಧ್ಯ ಎನ್ನಲು ಕಾರಣವಿಲ್ಲ. ಹಾಲಿಗೆ ಸಂಘವಿತ್ತು, ತರಕಾರಿಗೆ ಸಂಘವಿಲ್ಲ. ವ್ಯತ್ಯಾಸ ಇಷ್ಟೇ.

ಎರಡನೆಯದಾಗಿ, ಪಕ್ಕದ ಮಹಾರಾಷ್ಟ್ರವನ್ನು ನೋಡಬೇಕು. 1991ರಲ್ಲಿ ಅಲ್ಲಿಯ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘಗಳು ಸೇರಿ ಮಹಾಗ್ರೇಪ್ಸ್ ಎಂಬ ಸಂಸ್ಥೆ ಕಟ್ಟಿದವು. ಆರಂಭದ ವರ್ಷಗಳಲ್ಲಿ ಗುಣಮಟ್ಟ ಸಾಲದೆ ಯುರೋಪಿನಲ್ಲಿ ಸರಕು ತಿರಸ್ಕೃತವಾಯಿತು. ಅವರು ಪಾಠ ಕಲಿತು ಪೂರ್ವಶೀತಲೀಕರಣ ಕೋಣೆಗಳನ್ನು ಬೆಳೆಗಾರರ ಸಂಘಗಳ ಬಳಿಯೇ ಕಟ್ಟಿದರು. ಯಾವ ಔಷಧಿಯನ್ನು ಯಾವಾಗ ಸಿಂಪಡಿಸಬೇಕು ಎಂಬುದನ್ನು ಸದಸ್ಯರಿಗೆ ಕಲಿಸಿದರು. ಸಣ್ಣ ಹಿಡುವಳಿಯವರು ಒಬ್ಬೊಬ್ಬರಾಗಿ ಮಾಡಲಾಗದ್ದನ್ನು ಒಟ್ಟಾಗಿ ಮಾಡಿದರು.

ಮೂರನೆಯದಾಗಿ, ಎಲ್ಲಕ್ಕೂ ದೊಡ್ಡ ಯಂತ್ರ ಬೇಕಿಲ್ಲ. ಇಟ್ಟಿಗೆಯ ಎರಡು ಗೋಡೆ, ನಡುವೆ ಒದ್ದೆ ಮರಳು, ಮೇಲೆ ಹುಲ್ಲಿನ ಮುಚ್ಚಳ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ 1980ರ ದಶಕದಲ್ಲಿ ರೂಪಿಸಿದ ಈ ವಿದ್ಯುತ್ತಿಲ್ಲದ ತಂಪು ಕೋಣೆ ಒಣ ಬೇಸಿಗೆಯಲ್ಲಿ ಒಳಗಿನ ಬಿಸಿಯನ್ನು ಹತ್ತು ಡಿಗ್ರಿಗೂ ಹೆಚ್ಚು ಇಳಿಸಬಲ್ಲದು. ನಮ್ಮ ಕರಾವಳಿಯ ತೇವದ ಗಾಳಿಯಲ್ಲಿ ಇದು ಅಷ್ಟಾಗಿ ನಡೆಯದು. ಸವದತ್ತಿ, ರಾಮದುರ್ಗದ ಒಣ ಹವೆಗೆ ಹೇಳಿಮಾಡಿಸಿದಂತಿದೆ. ಇದು ರಫ್ತಿಗೆ ಸಾಲದು, ಆದರೆ ಸಂಜೆ ಕೊಯ್ದದ್ದನ್ನು ಬೆಳಗಿನವರೆಗೆ ಕಾಪಾಡಲು ಸಾಕು. ಕೊಯ್ಲನ್ನು ನಡುಹಗಲಿನಿಂದ ನಸುಕಿಗೆ ಬದಲಿಸುವುದಕ್ಕಂತೂ ಒಂದು ಪೈಸೆಯ ಖರ್ಚೂ ಇಲ್ಲ.

ನಾಲ್ಕನೆಯದಾಗಿ, ವಿದ್ಯುತ್ ಪ್ರಶ್ನೆ. ಪಂಪ್‌ಸೆಟ್ಟಿಗೆ ದಿನಕ್ಕೆ ಏಳು ಗಂಟೆ ತ್ರೀಫೇಸ್ ವಿದ್ಯುತ್ ಎಂಬ ಲೆಕ್ಕದಲ್ಲಿ ನಡೆಯುವ ಹಳ್ಳಿಯಲ್ಲಿ ಇಪ್ಪತ್ತನಾಲ್ಕು ಗಂಟೆ ತಂಪಾಗಿರಬೇಕಾದ ಕೋಣೆ ಹೇಗೆ ನಡೆಯಬೇಕು? ಸೌರಶಕ್ತಿಯಿಂದ ನಡೆಯುವ ಸಣ್ಣ ತಂಪು ಕೋಣೆಗಳು ಮಾರುಕಟ್ಟೆಗೆ ಬಂದಿವೆ. ಶೀತಲ ಗೃಹಕ್ಕೆ ಸಹಾಯಧನ ಕೇಳುವ ಜನಪ್ರತಿನಿಧಿಗಳು ಇಂಥ ಕೋಣೆಗಳನ್ನೂ, ತಾಲ್ಲೂಕಿಗೆ ಒಂದೆರಡು ಪ್ಯಾಕ್‌ಹೌಸ್‌ಗಳನ್ನೂ ಮೊದಲು ಕೇಳಬೇಕು. 2020ರಲ್ಲಿ ಆರಂಭವಾದ ಕೇಂದ್ರದ ಕೃಷಿ ಮೂಲಸೌಕರ್ಯ ನಿಧಿಯಲ್ಲಿ ಎರಡು ಕೋಟಿ ರೂಪಾಯಿವರೆಗಿನ ಸಾಲಕ್ಕೆ ಶೇಕಡಾ 3ರ ಬಡ್ಡಿ ರಿಯಾಯಿತಿ ನೀಡಲಾಯಿತು. ಅದೇ ವರ್ಷ ಹತ್ತು ಸಾವಿರ ರೈತ ಉತ್ಪಾದಕ ಸಂಸ್ಥೆಗಳನ್ನು ಕಟ್ಟುವ ಯೋಜನೆಯೂ ಬಂತು. ಯೋಜನೆಗಳ ಹೆಸರು ಮತ್ತು ಅವಧಿ ಬದಲಾಗುತ್ತಿರುತ್ತವೆ. ಈ ಹೊತ್ತು ಯಾವುದು ಜಾರಿಯಲ್ಲಿದೆ ಎಂಬುದನ್ನು ತಾಲ್ಲೂಕು ತೋಟಗಾರಿಕಾ ಇಲಾಖೆಯಲ್ಲಿ ಕೇಳಿ ತಿಳಿಯಬೇಕು. ಅರಭಾವಿಯ ಕಿತ್ತೂರು ರಾಣಿ ಚೆನ್ನಮ್ಮ ತೋಟಗಾರಿಕಾ ಮಹಾವಿದ್ಯಾಲಯ ಇದೇ ಜಿಲ್ಲೆಯಲ್ಲಿದೆ. ಜ್ಞಾನಕ್ಕೂ ದೂರ ಹೋಗಬೇಕಾಗಿಲ್ಲ.

ಸಮಾಜಸೇವೆಯಲ್ಲಿ ತೊಡಗಿರುವ ನಮ್ಮ ಕಾರ್ಯಕರ್ತರಿಗೆ ಇಲ್ಲಿ ಮಾಡಬೇಕಾದ ಕೆಲಸವಿದೆ. ಸ್ವಸಹಾಯ ಸಂಘಗಳನ್ನು ಕಟ್ಟಿ ಉಳಿತಾಯ, ಸಾಲ, ಲೆಕ್ಕಪತ್ರ ಕಲಿಸಿದ ಅನುಭವ ಅವರಿಗಿದೆ. ಪ್ಯಾಕ್‌ಹೌಸ್ ನಡೆಯುವುದು ಯಂತ್ರದಿಂದಲ್ಲ, ದಿನವೂ ತಾಪಮಾನ ಬರೆದಿಡುವ, ಕೆಟ್ಟ ಹಣ್ಣನ್ನು ಮುಲಾಜಿಲ್ಲದೆ ಹೊರಗಿಡುವ, ಹಣವನ್ನು ಸರಿಯಾಗಿ ಹಂಚುವ ಜನರಿಂದ. ಆ ಶಿಸ್ತನ್ನು ಸಂಘಗಳ ಮಹಿಳೆಯರು ಈಗಾಗಲೇ ಪಾಸ್‌ಪುಸ್ತಕಗಳಲ್ಲಿ ಸಾಧಿಸಿ ತೋರಿಸಿದ್ದಾರೆ. ಕರಾವಳಿಯ ಮೀನು ಕಾರ್ಖಾನೆಗಳಲ್ಲಿ ಶುಚಿತ್ವದ ನಿಯಮಗಳನ್ನು ಕಲಿತ ಸಾವಿರಾರು ಕೈಗಳು ನಮ್ಮ ನಡುವೆ ಇವೆ. ಅವರಲ್ಲಿ ನಾಲ್ಕು ಜನ ಘಟ್ಟ ಹತ್ತಿ ಬೈಲಹೊಂಗಲದ ಒಂದು ಸಂಘಕ್ಕೆ ವಾರ ಕಾಲ ತರಬೇತಿ ಕೊಟ್ಟರೆ ಅದು ಯಾವ ವಿಚಾರ ಸಂಕಿರಣಕ್ಕಿಂತಲೂ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಒಂದು ಕಾಲಕ್ಕೆ ಬಯಲುಸೀಮೆಯ ಬೆಳೆಗೆ ಕರಾವಳಿಯ ಬಂದರು ತನ್ನ ಹೆಸರು ಕೊಟ್ಟಿತ್ತು. ಇಂದು ಕರಾವಳಿ ಕೊಡಬಹುದಾದದ್ದು ತನ್ನ ಅನುಭವ. ಸುಂಕ ಇಳಿಯಲಿ, ಹೊಸ ಹಡಗುಗಳು ಬರಲಿ, ಒಪ್ಪಂದಗಳಿಗೆ ಸಹಿ ಬೀಳಲಿ, ಎಲ್ಲವೂ ಒಳ್ಳೆಯದೇ. ಆದರೆ ರಾಮದುರ್ಗದ ಹೊಲದ ಬದುವಿನಲ್ಲಿ ಒಂದು ನೆರಳು, ಒಂದು ತಂಪು ಕೋಣೆ, ಅದನ್ನು ನಡೆಸುವ ಒಂದು ಸಂಘ ಇಲ್ಲದಿದ್ದರೆ ಆ ಹಡಗುಗಳು ಬೇರೆಯವರ ಬೆಳೆಯನ್ನು ಹೊತ್ತು ಸಾಗುತ್ತವೆ. ನಮ್ಮ ರೈತ ಮಾತ್ರ ಸಂಜೆಯೊಳಗೆ ಮಾರಲೇಬೇಕಾದ ಬುಟ್ಟಿಯೊಂದಿಗೆ ಮಾರುಕಟ್ಟೆಯ ಬಿಸಿಲಿನಲ್ಲಿ ನಿಂತಿರುತ್ತಾನೆ.